ತಟ್ಟೆ ಕಾಣುವ ದಾರಿ: 2024ರ ಬರದ ಬೇಸಿಗೆಯಲ್ಲಿ ಒಂದು ಹಳ್ಳಿಯ ಬಿಸಿಯೂಟ

2024ರ ಏಪ್ರಿಲ್ 12, ಶುಕ್ರವಾರ. ರಾಯಚೂರು ಜಿಲ್ಲೆಯ ನಮ್ಮ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಅನ್ನ, ಸಾಂಬಾರು ತಯಾರಾಗಿತ್ತು. ಅಡುಗೆಯವರು ಅರವತ್ತು ಮಕ್ಕಳ ಅಂದಾಜಿಗೆ ಅಕ್ಕಿ ಹಾಕಿದ್ದರು. ಬಂದವರು ಹದಿನೇಳು. ಆ ಹದಿನೇಳರಲ್ಲಿ ಹನ್ನೊಂದು ಮಕ್ಕಳ ಮನೆ ಶಾಲೆಯ ಹಿಂದಿನ ಓಣಿಯಲ್ಲೇ ಇತ್ತು. ಉಳಿದ ಓಣಿಗಳಿಂದ ಬಂದದ್ದು ಆರೇ ಮಂದಿ. ಮಿಕ್ಕ ಅನ್ನವನ್ನು ಏನು ಮಾಡಬೇಕೆಂದು ತಿಳಿಯದೆ ಅಡುಗೆಯ ಅಕ್ಕ ಪಾತ್ರೆಯ ಮುಂದೆ ಸುಮ್ಮನೆ ಕೂತಿದ್ದರು.

ನಾನು ಆ ಊರಿನ ಗ್ರಾಮ ಪಂಚಾಯತಿ ಗ್ರಂಥಾಲಯದ, ಈಗ ಅರಿವು ಕೇಂದ್ರ ಎಂದು ಕರೆಯುವ ಜಾಗದ ಮೇಲ್ವಿಚಾರಕಿ. ಬಿಸಿಯೂಟ ನನ್ನ ಹೊಣೆಯಲ್ಲ. ಆದರೆ ಬೇಸಿಗೆ ಶಿಬಿರ ನನ್ನ ಹೊಣೆ. ಎರಡೂ ಒಂದೇ ಮಕ್ಕಳಿಗಾಗಿ, ಒಂದೇ ತಿಂಗಳಲ್ಲಿ, ನೂರೈವತ್ತು ಹೆಜ್ಜೆ ದೂರದ ಎರಡು ಕಟ್ಟಡಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಶುರುವಾದವು. ಆ ನಲವತ್ತೊಂದು ದಿನಗಳಲ್ಲಿ ಏನಾಯಿತು, ಎಲ್ಲಿ ಕೆಟ್ಟಿತು, ಏನು ಮಾಡಿದ ಮೇಲೆ ತಟ್ಟೆಗಳು ತುಂಬಿದವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಮಕ್ಕಳ ಹೆಸರನ್ನೂ ಬೇಕೆಂತಲೇ ಬಿಟ್ಟಿದ್ದೇನೆ. ಹಸಿದ ಮನೆಯನ್ನು ಊರ ಮುಂದೆ ತೋರಿಸಿದರೆ ಆ ಮನೆಗೆ ಏನಾಗುತ್ತದೆ ಎಂಬುದೇ ಈ ಪ್ರಕರಣದ ತಿರುಳು.

ಮೊದಲು ಹಿನ್ನೆಲೆ. 2023ರ ಮುಂಗಾರು ಕೈಕೊಟ್ಟಿತು. ಆ ವರ್ಷದ ಆಗಸ್ಟ್ ದೇಶಕ್ಕೇ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನಮ್ಮ ಕಡೆ ತೊಗರಿ ಹೂವಿನಲ್ಲೇ ಒಣಗಿತು, ಜೋಳ ಮೊಣಕಾಲೆತ್ತರಕ್ಕೆ ನಿಂತಿತು. ಬರ ಘೋಷಣೆಯಾದ ಕಡೆ ಬೇಸಿಗೆ ರಜೆಯಲ್ಲೂ ಶಾಲಾ ಮಕ್ಕಳಿಗೆ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದೇ ಆದೇಶಿಸಿದೆ. ರಾಜಸ್ಥಾನದ ಬರದಲ್ಲಿ ಜನ ಹಸಿದಿದ್ದಾಗ ಸರ್ಕಾರದ ಉಗ್ರಾಣಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತೆಂಬ ಕಾರಣಕ್ಕೆ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ 2001ರಲ್ಲಿ ಹೂಡಿದ ಮೊಕದ್ದಮೆಯ ಫಲ ಅದು. ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂಬ 2001ರ ನವೆಂಬರ್ 28ರ ಆದೇಶವೂ ಅದೇ ಮೊಕದ್ದಮೆಯದು. ಮರುವರ್ಷ, 2002ರಲ್ಲಿ, ನಮ್ಮ ರಾಜ್ಯದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಶುರುವಾದದ್ದು ಉತ್ತರದ ಏಳು ಜಿಲ್ಲೆಗಳಲ್ಲಿ. ರಾಯಚೂರು ಅವುಗಳಲ್ಲೊಂದು. ಹಾಗಾಗಿ ನಮ್ಮೂರಿನ ಮೂವತ್ತರ ಆಸುಪಾಸಿನ ತಂದೆ ತಾಯಂದಿರು ಬಿಸಿಯೂಟ ಉಂಡೇ ಬೆಳೆದವರು. ಅವರಿಗೆ ಅದು ಹೊಸತಲ್ಲ, ಅವಮಾನವೂ ಅಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2024ರ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ. ಭಾನುವಾರ ಬಿಟ್ಟರೆ 41 ದಿನ ಊಟ. ಏಪ್ರಿಲ್ 9ಕ್ಕೆ ಯುಗಾದಿ, 10ಕ್ಕೆ ಫಲಿತಾಂಶ, 11ಕ್ಕೆ ರಂಜಾನ್. ಹಬ್ಬ, ಹಬ್ಬದ ನಡುವೆ ರಜೆ. ನಮ್ಮ ಶಾಲೆಯಲ್ಲಿ ಹೀಗಾಗಿ ಒಲೆ ನಿಜವಾಗಿ ಹೊತ್ತಿದ್ದು 12ಕ್ಕೆ.

ಶಾಲೆಯ ದಾಖಲಾತಿ 131. ರಜೆಗೆ ಮೊದಲು ಗುರುಗಳು ತರಗತಿಯಲ್ಲಿ ಕೇಳಿದಾಗ 84 ಮಕ್ಕಳು ಊಟಕ್ಕೆ ಬರುತ್ತೇವೆಂದು ಹೆಸರು ಬರೆಸಿದ್ದರು. ಅವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಯುಗಾದಿಯ ಮರುದಿನವೇ ಅಪ್ಪ ಅವ್ವನ ಜೊತೆ ಗುಳೆ ಹೋದರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಬಸ್ಸು ಸಂಜೆ ನಮ್ಮ ಕ್ರಾಸಿನಲ್ಲಿ ನಿಲ್ಲುತ್ತದೆ. ಹಾಸಿಗೆ ಗಂಟು, ಪ್ಲಾಸ್ಟಿಕ್ ಕೊಡ, ಮೇಲೆ ಕೂತ ಮಕ್ಕಳು. ಅವರ ಪಾಲಿನ ಅಕ್ಕಿ ನಮ್ಮ ಶಾಲೆಯ ದಾಸ್ತಾನಿನಲ್ಲಿತ್ತು. ಅವರು ಶೆಡ್ಡಿನಲ್ಲಿದ್ದರು. ಜೂನಿನಲ್ಲಿ ಮರಳಿದಾಗ ಕೇಳಿದೆ, ಅಲ್ಲಿ ಯಾವ ಶಾಲೆಯ ಊಟಕ್ಕೂ ಅವರು ಹೋಗಿರಲಿಲ್ಲ. ಹೋಗಬಹುದೋ ಇಲ್ಲವೋ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಉಳಿದದ್ದು ಅರವತ್ತರ ಆಚೀಚೆ ಮಕ್ಕಳು, ಹೆಚ್ಚಿನವರು ಅಜ್ಜ ಅಜ್ಜಿಯರ ಜೊತೆ. ಅವರೂ ಬರಲಿಲ್ಲ. ಯಾಕೆ?

ಮೊದಲ ವಾರ ಸಿಕ್ಕ ಉತ್ತರ ಬಿಸಿಲು. ಸುಳ್ಳೇನಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ರಾಯಚೂರಿನಲ್ಲಿ 43 ಡಿಗ್ರಿ ದಾಟಿದ ದಿನಗಳಿದ್ದವು. ಹನ್ನೆರಡೂವರೆಗೆ ನಮ್ಮೂರ ದಾರಿಯಲ್ಲಿ ನಾಯಿ ಕೂಡ ಓಡಾಡುವುದಿಲ್ಲ. ಬರಿಗಾಲಿನ ಮಗು ಆ ಹೊತ್ತಿಗೆ ಶಾಲೆಗೆ ಬಂದು, ಉಂಡು, ಅದೇ ಕಾದ ಮಣ್ಣಿನಲ್ಲಿ ಮರಳಬೇಕಿತ್ತು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಕೆಲಸ ಮಾಡುತ್ತವೆ. ದೊಡ್ಡವರಿಗಾಗಿ ಗಡಿಯಾರ ಸರಿಸಿಕೊಳ್ಳುವ ನಾವು ಮಕ್ಕಳ ಊಟವನ್ನು ಮಾತ್ರ ಶಾಲೆಯ ದಿನಗಳ ಹೊತ್ತಿಗೇ ಕಟ್ಟಿಹಾಕಿದ್ದೆವು. ಗುರುಗಳ ಜೊತೆ ಮಾತಾಡಿದೆ. ಅವರು ಮೇಲಿನವರನ್ನು ಕೇಳಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನು ಕೂರಿಸಿಕೊಂಡು, ಊಟವನ್ನು ಬೆಳಿಗ್ಗೆ ಹತ್ತೂವರೆಗೆ ತಂದರು. ಅಡುಗೆಯವರಿಗೆ ಇದು ಹಗುರವೇ ಆಯಿತು. ತಗಡಿನ ಮಾಡಿನ ಅಡುಗೆ ಕೋಣೆಯಲ್ಲಿ ಮಧ್ಯಾಹ್ನ ಗ್ಯಾಸ್ ಒಲೆಯ ಮುಂದೆ ನಿಲ್ಲುವುದು ಯಾರಿಗೂ ಬೇಡ.

ಹೊತ್ತು ಬದಲಿಸಿದ ಮೇಲೆ ಹದಿನೇಳು ಇಪ್ಪತ್ತಾರಾಯಿತು. ಅಷ್ಟೇ. ಬಿಸಿಲು ಕಾರಣವೇ ಆಗಿದ್ದರೆ ಇನ್ನೂ ಏರಬೇಕಿತ್ತು.

ಏಪ್ರಿಲ್ ಮೂರನೇ ವಾರ ನಾನು ಓಣಿ ಓಣಿ ತಿರುಗಿದೆ. ಒಂದು ಮನೆಯಲ್ಲಿ ಅಜ್ಜಿ ಜೋಳದ ನುಚ್ಚು ಕುದಿಸುತ್ತಿದ್ದರು, ಜೊತೆಗೆ ಹಸಿ ಖಾರ. ಮೂವರು ಮೊಮ್ಮಕ್ಕಳು. ಸಾಲ್ಯಾಗ ಬಿಸಿಯೂಟ ಐತಲ್ಲಮ್ಮ, ಹುಡುಗ್ರನ್ನ ಯಾಕ ಕಳಿಸವಲ್ರಿ ಎಂದು ಕೇಳಿದೆ. ಅವರು ಸೌಟು ತಿರುವುತ್ತಲೇ ಹೇಳಿದರು: “ಸಾಲಿ ಇದ್ದಾಗ ಎಲ್ಲಾರೂ ಉಣ್ತಾರ, ನಮ್ಮವೂ ಉಣ್ತಾವ. ಸೂಟ್ಯಾಗ ತಟ್ಟಿ ಹಿಡ್ಕೊಂಡು ಹೋದ್ರ ಮನ್ಯಾಗ ಏನೂ ಇಲ್ಲ ಅಂತ ಊರಿಗೆ ಸಾರಿದಂಗಾತಲ್ಲವ್ವ.”

ಆ ಮಾತು ಕೇಳಿದ ಮೇಲೆ ನನಗೆ ಎಲ್ಲವೂ ಬೇರೆಯಾಗಿ ಕಂಡಿತು. ಬಿಸಿಯೂಟದ ದೊಡ್ಡ ಗುಣವೇ ಅದು. ಶಾಲೆಯ ದಿನ ಸಾಲಿನಲ್ಲಿ ಕೂತ ಮೇಲೆ ಯಾರ ಮನೆಯಲ್ಲಿ ಒಲೆ ಹೊತ್ತಿದೆ, ಯಾರ ಮನೆಯಲ್ಲಿ ಇಲ್ಲ ಎಂದು ತಿಳಿಯುವುದಿಲ್ಲ. ಮಗು ಪಾಠಕ್ಕೆ ಬಂದಿದೆ, ಊಟ ಅದರ ಜೊತೆಗೆ ಸಿಗುತ್ತದೆ. ರಜೆಯಲ್ಲಿ ಪಾಠ ಇಲ್ಲ. ಬರುವ ಕಾರಣ ಊಟ ಒಂದೇ. ಬಂದವರೆಲ್ಲ ಊಟಕ್ಕೇ ಬಂದವರು. ಅದೇ ಅನ್ನ, ಅದೇ ಸಾಂಬಾರು, ಅದೇ ಅಡುಗೆಯ ಅಕ್ಕ. ಆದರೆ ಮಾರ್ಚಿನಲ್ಲಿ ಹಕ್ಕಾಗಿದ್ದದ್ದು ಏಪ್ರಿಲಿನಲ್ಲಿ ಭಿಕ್ಷೆಯಂತೆ ಕಂಡಿತು. ಬಿಸಿಯೂಟ ಉಂಡೇ ಬೆಳೆದ ತಂದೆ ತಾಯಂದಿರಿಗೂ ಹಾಗೇ ಕಂಡಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಬರೆಯಬೇಕು. ಶಾಲೆಯ ಬೋರು ಫೆಬ್ರವರಿಯಲ್ಲೇ ಬತ್ತಿತ್ತು. ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಅಡುಗೆಗೆ ಬೇಕಾದ ನೀರಿಗಿಂತ ತಟ್ಟೆ ತೊಳೆಯುವ ನೀರೇ ಹೆಚ್ಚು. ಹಾಗಾಗಿ ಮಕ್ಕಳು ಮನೆಯಿಂದ ತಟ್ಟೆ ತರಲಿ, ಉಂಡು ಮನೆಗೊಯ್ದು ತೊಳೆದುಕೊಳ್ಳಲಿ ಎಂಬ ಸಲಹೆ ಕೊಟ್ಟವಳು ನಾನೇ. ನೀರಿನ ಲೆಕ್ಕದಲ್ಲಿ ಅದು ಸರಿಯಾಗಿತ್ತು. ಆದರೆ ಹಗಲು ಹೊತ್ತಿನಲ್ಲಿ ಖಾಲಿ ತಟ್ಟೆ ಕೈಯಲ್ಲಿ ಹಿಡಿದು ಊರ ನಡುವಿನ ಕಟ್ಟೆಯ ಮುಂದೆ ಹಾದುಹೋಗುವ ಹುಡುಗನಿಗೆ ಅದು ಏನು ಮಾಡುತ್ತದೆಂದು ನಾನು ಯೋಚಿಸಿರಲಿಲ್ಲ. ಐದನೇ ತರಗತಿಯ ಒಬ್ಬನನ್ನು ಆಮೇಲೆ ಕೇಳಿದಾಗ ಅವನು ನೆಲ ನೋಡುತ್ತಾ “ನಗ್ತಾರ್ರೀ ಅಕ್ಕೋರ” ಎಂದಷ್ಟೇ ಹೇಳಿದ. ಅವನು ಕೆಲವು ದಿನ ತಟ್ಟೆಯನ್ನು ಅಂಗಿಯ ಒಳಗೆ ಹೊಟ್ಟೆಗೆ ಆನಿಸಿಕೊಂಡು ಬಂದಿದ್ದನಂತೆ. ಆಮೇಲೆ ಅದನ್ನೂ ಬಿಟ್ಟ.

ಅತ್ತ ಅರಿವು ಕೇಂದ್ರದಲ್ಲಿ ಬೇಸಿಗೆ ಶಿಬಿರಕ್ಕೆ ಮಕ್ಕಳು ಬರುತ್ತಿದ್ದರು. ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತ. 2020ರ ಓದುವ ಬೆಳಕು ಕಾರ್ಯಕ್ರಮದಿಂದ ಊರಿನ ಬಹುತೇಕ ಮಕ್ಕಳು ನಮ್ಮಲ್ಲಿ ಹೆಸರು ಬರೆಸಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕಥೆ ಓದುವುದು, ಚೌಕಾಬಾರ, ಅಳಗುಳಿಮಣೆ, ಹಳೆಯ ಪತ್ರಿಕೆಗಳಿಂದ ಮುಖವಾಡ. ಒಂಬತ್ತೂವರೆ ಹತ್ತರ ಹೊತ್ತಿಗೆ ಚಿಕ್ಕವರು ಕಿರಿಕಿರಿ ಮಾಡತೊಡಗುತ್ತಿದ್ದರು. ಜಗಳ, ಅಳು, ತಲೆನೋವು. ನನ್ನ ಕಲಿಸುವ ಬಗೆಯಲ್ಲೇ ದೋಷವಿದೆ ಎಂದುಕೊಂಡಿದ್ದೆ. ಒಂದು ದಿನ ಸಾಲಾಗಿ ಕೂರಿಸಿ, ಬೆಳಿಗ್ಗೆ ಏನು ತಿಂದಿರಿ ಎಂದು ಆಟದಂತೆ ಕೇಳಿದೆ. ಚಹಾ. ಚಹಾ, ಬಿಸ್ಕೀಟು. ಚಹಾ. ತಂಗಳ ರೊಟ್ಟಿ. ಚಹಾ.

ಒಂದು ಕಟ್ಟಡದಲ್ಲಿ ಊಟ ಇತ್ತು, ಮಕ್ಕಳಿರಲಿಲ್ಲ. ಇನ್ನೊಂದರಲ್ಲಿ ಮಕ್ಕಳಿದ್ದರು, ಊಟ ಇರಲಿಲ್ಲ. ನಡುವೆ ನೂರೈವತ್ತು ಹೆಜ್ಜೆ.

ಏಪ್ರಿಲ್ 22ರ ಸೋಮವಾರ ಶಿಬಿರವನ್ನು ಶಾಲೆಯ ಪಡಸಾಲೆಗೆ ಒಯ್ದೆವು. ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಲಿಲ್ಲ. ಗುರುಗಳು ಒಪ್ಪಿದರು, ಪಂಚಾಯತಿ ಅಭಿವೃದ್ಧಿ ಅಧಿಕಾರಿ ಒಪ್ಪಿದರು, ನಾನು ಪುಸ್ತಕಗಳ ಎರಡು ಪೆಟ್ಟಿಗೆಯನ್ನು ಬಂಡಿಯಲ್ಲಿ ಹಾಕಿಸಿದೆ. ಎಂಟಕ್ಕೆ ಆಟ, ಹತ್ತೂವರೆಗೆ ಊಟ, ಹನ್ನೊಂದಕ್ಕೆ ಮನೆ. ಊಟಕ್ಕೆ ಬನ್ನಿ ಎಂಬ ಮಾತನ್ನು ಊರಲ್ಲಿ ಯಾರೂ ಆಡಬಾರದೆಂದು ನಮ್ಮ ನಮ್ಮಲ್ಲೇ ಕಟ್ಟಾಗಿ ನಿರ್ಧರಿಸಿದೆವು. ಡಂಗುರದವನಿಗೂ ಹೇಳಿದೆವು: ಶಿಬಿರ ಐತಿ ಅಂತ ಸಾರು, ಸಾಕು.

ತಟ್ಟೆಯ ವಿಷಯಕ್ಕೆ ಊರಿನ ದರ್ಜಿ ದಾರಿ ಹುಡುಕಿಕೊಟ್ಟರು. ಅವರ ಅಂಗಡಿಯಲ್ಲಿ ತುಂಡು ಬಟ್ಟೆಯ ರಾಶಿ ಇತ್ತು. ಅದರಲ್ಲಿ ಅರವತ್ತು ಚೀಲ ಹೊಲಿದುಕೊಟ್ಟರು, ದಾರದ ದುಡ್ಡು ಮಾತ್ರ ತೆಗೆದುಕೊಂಡರು. ಪ್ರತಿ ಮಗುವಿಗೂ ಒಂದು ಚೀಲ, ಚೀಲದಲ್ಲಿ ಗ್ರಂಥಾಲಯದ ಒಂದು ಪುಸ್ತಕ. ಪುಸ್ತಕದ ಹಿಂದೆ ತಟ್ಟೆ. ಈಗ ಕಟ್ಟೆಯ ಮುಂದೆ ಹಾದುಹೋಗುವ ಹುಡುಗ ಪುಸ್ತಕದ ಚೀಲ ಹೊತ್ತ ಹುಡುಗ. ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಆ ವಾರದ ಕೊನೆಗೆ ಎಣಿಕೆ 41. ಏಪ್ರಿಲ್ ಮುಗಿಯುವ ಹೊತ್ತಿಗೆ 50 ದಾಟಿತು. ನುಚ್ಚು ಕುದಿಸುತ್ತಿದ್ದ ಅಜ್ಜಿಯ ಮೂವರೂ ಬಂದರು. ಇನ್ನೂ ಮುಖ್ಯವಾಗಿ, ಹೊಟ್ಟೆಗೆ ಕೊರತೆಯಿಲ್ಲದ ಮನೆಗಳ ಮಕ್ಕಳೂ ಬಂದರು. ಕಿರಾಣಿ ಅಂಗಡಿಯವರ ಮಗಳು, ಖಾಸಗಿ ಶಾಲೆಯಲ್ಲಿ ಓದುವ ಇಬ್ಬರು, ಬೆಂಗಳೂರಿನಿಂದ ಅಜ್ಜಿಯ ಮನೆಗೆ ಸೂಟಿಗೆ ಬಂದ ಹುಡುಗ. ಅವರೂ ಸಾಲಿನಲ್ಲಿ ಕೂತ ದಿನವೇ ಉಳಿದವರ ನಾಚಿಕೆ ಬಿಟ್ಟುಹೋಯಿತು.

ಅಲ್ಲೇ ಹೊಸ ತೊಡಕೂ ಹುಟ್ಟಿತು. ಖಾಸಗಿ ಶಾಲೆಯ ಮಕ್ಕಳ ಹೆಸರು ಪಟ್ಟಿಯಲ್ಲಿಲ್ಲ. ಪ್ರಾಥಮಿಕ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಆರನೆಯ ತರಗತಿಯಿಂದ 150, 30, 75 ಎಂದು ಕೇಂದ್ರದ ಬಿಸಿಯೂಟ ಯೋಜನೆಯಾದ ಪಿಎಂ ಪೋಷಣ್ ನಿಯಮ. ಲೆಕ್ಕ ದಾಖಲಾದ ಮಗುವಿನ ತಲೆಗೆ. ಗುರುಗಳು ಕಳವಳಗೊಂಡರು, ಅದು ಸಹಜ. ನಾಳೆ ದಾಸ್ತಾನು ಪರಿಶೀಲನೆಗೆ ಬಂದವರು ಕೇಳುವುದು ಅವರನ್ನೇ.

ಆದರೆ ನಿಜವಾಗಿ ನಮ್ಮನ್ನು ಕಾಡಿದ್ದು ಆ ಮಕ್ಕಳಲ್ಲ, ಪುಟ್ಟ ತಮ್ಮ ತಂಗಿಯರು. ಆರನೇ ತರಗತಿಯ ಒಬ್ಬ ಹುಡುಗಿ ದಿನವೂ ನಾಲ್ಕು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬರುತ್ತಿದ್ದಳು. ಅವ್ವ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸಕ್ಕೆ ನಸುಕಿನಲ್ಲೇ ಹೋಗುವವರು. ಆ ವರ್ಷದ ಕೂಲಿ ದಿನಕ್ಕೆ 349 ರೂಪಾಯಿ, ಬರದಲ್ಲಿ ಆ ಮನೆಗೆ ಅದೇ ಆಧಾರ. ಅಂತಹ ತಾಯಂದಿರ ಮಕ್ಕಳಿಗಾಗಿ ಪಂಚಾಯತಿಗಳಲ್ಲಿ ಕೂಸಿನ ಮನೆ ತೆರೆಯುವ ಕಾರ್ಯಕ್ರಮ ಆಗಷ್ಟೇ ಶುರುವಾಗಿತ್ತು. ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ಹುಡುಗಿ ತನ್ನ ತಟ್ಟೆಯಿಂದ ತಮ್ಮನಿಗೆ ಉಣ್ಣಿಸಿ, ಉಳಿದದ್ದನ್ನು ತಾನು ಉಣ್ಣುತ್ತಿದ್ದಳು. ಉಳಿಯುತ್ತಿದ್ದದ್ದು ಕಡಿಮೆ. ಎರಡನೇ ಸಲ ಬಡಿಸಿಕೊಳ್ಳಲು ಏಳುತ್ತಿರಲಿಲ್ಲ. ಯಾಕೆಂದು ಅಡುಗೆಯ ಅಕ್ಕ ಕೇಳಿದರೆ, ನನ್ನ ಪಾಲು ಮುಗೀತಲ್ರಿ ಎಂದಳು.

ಅಡುಗೆಯ ಅಕ್ಕ ಅವತ್ತು ಯಾರನ್ನೂ ಕೇಳಲಿಲ್ಲ. ತಮ್ಮನಿಗೆ ಬೇರೆ ತಟ್ಟೆ ಹಾಕಿದರು. ಸಂಜೆ ಅವರು, ಗುರುಗಳು, ನಾನು ಮೂವರೂ ಕೂತು ಮಾತಾಡಿದೆವು. ದಾಖಲಾದ ಮಕ್ಕಳ ಪಾಲನ್ನು ಮುಟ್ಟದೆ ಪುಟ್ಟವರಿಗೂ ಪಟ್ಟಿಯಲ್ಲಿಲ್ಲದವರಿಗೂ ಉಣಿಸಬೇಕು, ಹೇಗೆ? ಗುರುಗಳು ಎಸ್‌ಡಿಎಂಸಿ ಸಭೆ ಕರೆದರು. ಕಿರಾಣಿ ಅಂಗಡಿಯವರು ವಾರಕ್ಕೆ ಐದು ಕಿಲೋ ಅಕ್ಕಿ, ಒಂದು ಕಿಲೋ ಬೇಳೆ ಕೊಡುತ್ತೇನೆಂದರು. ಮಹಿಳಾ ಸ್ವಸಹಾಯ ಸಂಘದವರು ಸರದಿಯಂತೆ ಎಣ್ಣೆ, ಕಾಯಿಪಲ್ಲೆ ತಂದರು. ನೀರಾವರಿ ಇದ್ದ ಒಂದೇ ತೋಟದಿಂದ ಬದನೆ, ನುಗ್ಗೆ ಬಂತು. ಈ ಸಾಮಾನಿಗೆ ಗುರುಗಳು ಬೇರೆಯೇ ಒಂದು ನೋಟ್‌ಬುಕ್ ಇಟ್ಟರು, ಸರ್ಕಾರದ ದಾಸ್ತಾನಿನ ಜೊತೆ ಒಂದು ಕಾಳೂ ಬೆರೆಯದಂತೆ. ಬೇರೆ ಊರಿನವರು ಇಂಥದ್ದು ಮಾಡುವುದಾದರೆ ಈ ಎರಡನೇ ಪುಸ್ತಕವನ್ನು ಮೊದಲ ದಿನವೇ ಇಡಲಿ. ಒಳ್ಳೆಯ ಕೆಲಸ ಮಾಡಿದ ಗುರುಗಳು ಲೆಕ್ಕ ತೋರಿಸಲಾಗದೆ ಸಿಕ್ಕಿಬೀಳುವುದನ್ನು ನಾನು ನೋಡಿದ್ದೇನೆ.

ಇನ್ನು ಚಟುವಟಿಕೆಗಳ ಮಾತು. ಒಂದು ತಿಂಗಳ ಶಿಬಿರಕ್ಕೆ ನಮ್ಮ ಕೈಯಿಂದ ಆದ ಖರ್ಚು ಸೀಮೆಸುಣ್ಣ, ಹಗ್ಗ, ಬಣ್ಣ, ಅಂಟು, ಚೀಲದ ದಾರ ಸೇರಿ 1,200 ರೂಪಾಯಿ ದಾಟಲಿಲ್ಲ. ದುಡ್ಡು ಬೇಕಿದ್ದ ಕಡೆ ಮಕ್ಕಳು ಬೇಗ ಬೇಸತ್ತರು, ದುಡ್ಡು ಬೇಡದ ಕಡೆ ಮೈಮರೆತರು. ಬಣ್ಣ ತುಂಬುವ ಪುಸ್ತಕಗಳು ಎರಡೇ ದಿನಕ್ಕೆ ಮುಗಿದವು. ಊರಿನ ಬಾವಿಗಳ ಲೆಕ್ಕ ಹನ್ನೆರಡು ದಿನ ನಡೆಯಿತು.

ಆ ಲೆಕ್ಕದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ನನಗೆ ಅದು ಅಷ್ಟು ಇಷ್ಟ. ಟ್ಯಾಂಕರಿಗಾಗಿ ಸಾಲು ನಿಂತ ದಿನ ಒಬ್ಬ ಹುಡುಗ, ಮೊದ್ಲು ನಮ್ಮೂರಾಗ ನೀರು ಎಲ್ಲಿ ಇತ್ರಿ ಎಂದು ಕೇಳಿದ. ನನಗೂ ಗೊತ್ತಿರಲಿಲ್ಲ. ಮರುದಿನ ಮಕ್ಕಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಅವರವರ ಓಣಿಯ ಹಿರಿಯರನ್ನು ಕೇಳಿಬರಲು ಕಳಿಸಿದೆ. ಯಾವ ಬಾವಿ, ಯಾರು ತೋಡಿಸಿದ್ದು, ಯಾವಾಗ ಬತ್ತಿತು, ಈಗ ಅದರಲ್ಲಿ ಏನಿದೆ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರಿನ ನಕ್ಷೆ ಬೆಳೆಯುತ್ತಾ ಹೋಯಿತು. ಮುಚ್ಚಿಹೋದ ಹದಿನಾಲ್ಕು ಬಾವಿ ಸಿಕ್ಕವು. ಅವುಗಳಲ್ಲೊಂದು ಬಾವಿ ಒಂದು ಕೇರಿಯವರು ಮಾತ್ರ ನೀರು ಸೇದುತ್ತಿದ್ದದ್ದು, ಇನ್ನೊಂದು ಕೇರಿಯವರು ಕೆಳಗೆ ನಿಂತು ಹುಯ್ಯಿಸಿಕೊಳ್ಳಬೇಕಿತ್ತೆಂದು ಒಬ್ಬ ಅಜ್ಜ ಹೇಳಿದರು. ಮಕ್ಕಳು ಅದನ್ನೂ ಬರೆದುಕೊಂಡರು. ಆ ದಿನ ಆ ಪಡಸಾಲೆಯಲ್ಲಿ ಎರಡೂ ಕೇರಿಯ ಮಕ್ಕಳು ಮಗ್ಗುಲಿಗೆ ಮಗ್ಗುಲು ಕೂತು ಉಂಡರು.

ಬಯಲಾಟದಲ್ಲಿ ಪಾತ್ರ ಹಾಕುತ್ತಿದ್ದ ಹಿರಿಯರೊಬ್ಬರು ವಾರಕ್ಕೆ ಎರಡು ದಿನ ಬಂದು ಹೆಜ್ಜೆ ಕಲಿಸಿದರು. ಮಣ್ಣೆತ್ತಿನ ಅಮವಾಸ್ಯೆಗೆ ಮೊದಲೇ ಮಕ್ಕಳು ಕೆರೆಯ ಜಿಗುಟು ಮಣ್ಣಿನಲ್ಲಿ ಎತ್ತು ಮಾಡಿದರು. ಕುಂಟಾಬಿಲ್ಲೆ ಇದ್ದೇ ಇತ್ತು.

ಮೇ ಮೂರನೇ ವಾರ ಒಂದು ಪ್ರಯಾಣವನ್ನೂ ಮಾಡಿದೆವು, ಮಸ್ಕಿಗೆ. ಅಶೋಕನ ಹೆಸರೇ ಬರೆದಿರುವ ಬಂಡೆ ಶಾಸನ 1915ರಲ್ಲಿ ಅಲ್ಲಿ ಸಿಕ್ಕಿತು. ಆವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಮಾತ್ರ ಕರೆದುಕೊಳ್ಳುತ್ತಿದ್ದ ಅರಸ ಅಶೋಕನೇ ಎಂದು ಖಚಿತವಾದದ್ದು ನಮ್ಮ ಜಿಲ್ಲೆಯ ಆ ಬಂಡೆಯಿಂದ. ಶಕ್ತಿ ಯೋಜನೆಯಿಂದ ಹುಡುಗಿಯರಿಗೂ ಜೊತೆಗೆ ಬಂದ ಐವರು ತಾಯಂದಿರಿಗೂ ಬಸ್ಸು ಉಚಿತ. ಹುಡುಗರಿಗೆ ಅರ್ಧ ಟಿಕೆಟ್. ಬೆಳಿಗ್ಗೆ ಆರಕ್ಕೆ ಹೊರಟು ಹತ್ತೂವರೆಯ ಊಟಕ್ಕೆ ಮರಳಿದೆವು. ಆ ತಾಯಂದಿರಲ್ಲಿ ಇಬ್ಬರು, ಇಷ್ಟು ಹತ್ತಿರ ಇದ್ದೂ ನಾವು ಇದನ್ನ ನೋಡಿದ್ದಿಲ್ಲ ಎಂದರು. ರಜೆಯ ಚಟುವಟಿಕೆ ಎಂದರೆ ಮಕ್ಕಳದ್ದು ಮಾತ್ರ ಎಂದುಕೊಂಡಿದ್ದೆ. ದೊಡ್ಡವರಿಗೂ ರಜೆ ಬೇಕು.

ಚುನಾವಣೆಯ ಎರಡು ದಿನಗಳ ಬಗ್ಗೆ ಬರೆಯದೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ. ನಮ್ಮ ಭಾಗಕ್ಕೆ ಲೋಕಸಭೆಯ ಮತದಾನ ಮೇ 7ಕ್ಕೆ. ಶಾಲೆಯೇ ಮತಗಟ್ಟೆ, ಗುರುಗಳಿಗೆ ಬೇರೆ ಊರಿನಲ್ಲಿ ಚುನಾವಣಾ ಕೆಲಸ. 6 ಮತ್ತು 7ಕ್ಕೆ ಊಟ ಎಲ್ಲಿ? ಊರಿನ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹನುಮಪ್ಪನ ಗುಡಿಯ ಅಂಗಳ ಕೊಡುತ್ತೇವೆಂದರು. ನೆರಳಿದೆ, ನೀರಿನ ತೊಟ್ಟಿಯಿದೆ. ನಾನು ಒಪ್ಪಿಬಿಡುವವಳಿದ್ದೆ. ಆಗ ಅಡುಗೆ ಸಹಾಯಕಿಯ ಮುಖ ನೋಡಿದೆ. ಅವರು ಏನೂ ಹೇಳಲಿಲ್ಲ, ಸೌಟು ಕೆಳಗಿಟ್ಟು ಸುಮ್ಮನೆ ನಿಂತರು. ಆ ಅಂಗಳಕ್ಕೆ ಅವರು ಕಾಲಿಟ್ಟವರಲ್ಲ. ಅವರ ಓಣಿಯ ಇಪ್ಪತ್ತಕ್ಕೂ ಹೆಚ್ಚು ಮಕ್ಕಳೂ ಅಷ್ಟೇ.

ಊಟವನ್ನು ಅರಿವು ಕೇಂದ್ರದ ಮುಂದೆ, ಪಂಚಾಯತಿಯ ಜಾಗದಲ್ಲಿ ಮಾಡಿದೆವು. ನೆರಳಿಗೆ ಸೀರೆ ಕಟ್ಟಿದೆವು. ಆ ಎರಡು ದಿನ ಕೆಲವು ಮನೆಗಳ ಮಕ್ಕಳು ಬರಲಿಲ್ಲ. ಯಾಕೆಂದು ಕೇಳಬೇಕಾಗಿರಲಿಲ್ಲ. 8ಕ್ಕೆ ಶಾಲೆಗೆ ಮರಳಿದ ಮೇಲೆ ಅವರೂ ಮರಳಿದರು. ಜಾಗ ಯಾವುದು ಎಂಬುದು ನೆರಳು, ನೀರಿನ ಪ್ರಶ್ನೆ ಮಾತ್ರ ಎಂದು ಯೋಜನೆ ಬರೆಯುವವರು ತಿಳಿಯಬಾರದು. ಎಲ್ಲರೂ ಕಾಲಿಡಬಹುದಾದ ಜಾಗ ನಮ್ಮೂರಿನಲ್ಲಿ ಎರಡೇ: ಶಾಲೆ, ಗ್ರಂಥಾಲಯ.

ಮೇ ಎರಡನೇ ವಾರ ಎಣಿಕೆ 60 ಮುಟ್ಟಿತು. ಪುಟ್ಟವರೂ ಪಟ್ಟಿಯಲ್ಲಿಲ್ಲದವರೂ ಇದರ ಹೊರಗೆ. ಕೊನೆಯ ವಾರ ಮದುವೆಗಳಿಗೆ, ಜಾತ್ರೆಗೆ ಹೋದವರಿಂದ ಸ್ವಲ್ಪ ಇಳಿಯಿತು. ಮೇ 28ಕ್ಕೆ ಕೊನೆಯ ಊಟ. 29ಕ್ಕೆ ಶಾಲೆ ಶುರು. ಮೊದಲ ದಿನವೇ ಬಂದ ಮಕ್ಕಳಲ್ಲಿ ಹೆಚ್ಚಿನವರು ಶಿಬಿರದವರು, ಎಷ್ಟೋ ಮಂದಿ ಅದೇ ತುಂಡು ಬಟ್ಟೆಯ ಚೀಲ ಹೊತ್ತು ಬಂದಿದ್ದರು.

ಈ ಪ್ರಕರಣವನ್ನು ಇಲ್ಲಿಗೇ ನಿಲ್ಲಿಸಿದರೆ ಗೆದ್ದ ಕಥೆಯಂತೆ ಕಾಣುತ್ತದೆ. ಮುಂದಿನದನ್ನೂ ಹೇಳಬೇಕು. 2024ರಲ್ಲಿ ಮಳೆ ಚೆನ್ನಾಗಿ ಬಂತು. ಬರ ಘೋಷಣೆ ಇಲ್ಲದ ಮೇಲೆ 2025ರ ಬೇಸಿಗೆಯಲ್ಲಿ ನಮ್ಮ ಶಾಲೆಯ ಒಲೆ ಹೊತ್ತಲಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮಕ್ಕಳಿಗೆ ಶಾಲೆಯ ಊಟದ ಹಕ್ಕು ಕೊಡುತ್ತದೆ, ಆದರೆ ಶಾಲೆಯ ರಜಾದಿನಗಳನ್ನು ಬಿಟ್ಟು ಎಂದು ಅದರಲ್ಲೇ ಬರೆದಿದೆ. ರಜೆಯ ಊಟಕ್ಕೆ ಉಳಿದ ಬಾಗಿಲು ಬರ ಒಂದೇ. ಆದರೆ ಗುಳೆ ಮಳೆಯ ವರ್ಷವೂ ನಿಲ್ಲುವುದಿಲ್ಲ. ಅಪ್ಪ ಅವ್ವ ಬೆಂಗಳೂರಿನಲ್ಲಿ, ಮಕ್ಕಳು ಅಜ್ಜಿಯ ಬಳಿ, ಬೆಳಿಗ್ಗೆ ಚಹಾ. ಆಕಾಶ ನೋಡಿ ಮಗುವಿನ ಹೊಟ್ಟೆಯ ಲೆಕ್ಕ ಹಾಕುವುದು ತಪ್ಪು ಎಂದು ನಾನು ನಂಬಿದ್ದೇನೆ, ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

2025ರ ಶಿಬಿರ ಅರಿವು ಕೇಂದ್ರದಲ್ಲೇ ನಡೆಯಿತು. ಮೊದಲ ದಿನ ಬಾಗಿಲು ತೆಗೆದಾಗ ಕಟ್ಟೆಯ ಮೇಲೆ ಇಪ್ಪತ್ತಮೂರು ಮಕ್ಕಳಿದ್ದರು. ಹಿಂದಿನ ವರ್ಷ ಆರನೆಯಲ್ಲಿದ್ದ ಆ ಹುಡುಗಿ ಈಗ ಏಳನೆಯದನ್ನು ಮುಗಿಸಿದ್ದಳು, ತಮ್ಮ ಸೊಂಟದಿಂದಿಳಿದು ಜೊತೆಗೆ ನಡೆದು ಬಂದಿದ್ದ. ಇಬ್ಬರ ಹೆಗಲಿಗೂ ಚೀಲ. ಪುಸ್ತಕ ಕೊಡಲೆಂದು ಅವಳ ಚೀಲ ತೆಗೆದೆ. ಒಳಗೆ ತೊಳೆದು ಒರೆಸಿದ ಎರಡು ತಟ್ಟೆ ಇದ್ದವು. ಈ ವರ್ಷ ಊಟ ಇಲ್ಲವೆಂದು ಅವಳಿಗೆ ಹೇಳಬೇಕಾಯಿತು.

ಆ ಸಂಜೆ ಸಂಘದ ಹೆಂಗಸರ ಮನೆಗಳಿಗೆ ಹೋದೆ. ಶೇಂಗಾ, ಬೆಲ್ಲ, ಮಂಡಕ್ಕಿ ಒಟ್ಟಾಯಿತು. ಒಂಬತ್ತು ದಿನಕ್ಕೆ ಸಾಕಾಯಿತು. ಆಮೇಲೆ ನಡೆದ ಗ್ರಾಮಸಭೆಯಲ್ಲಿ ಎಸ್‌ಡಿಎಂಸಿಯವರೂ ನಾನೂ ಸೇರಿ ಒಂದು ಅರ್ಜಿ ಕೊಟ್ಟೆವು: ಬರ ಇರಲಿ ಬಿಡಲಿ ಬೇಸಿಗೆ ಶಿಬಿರದ ಜೊತೆ ಊಟ ಇರಬೇಕು, ಅದು ಹತ್ತೂವರೆಗೆ ಇರಬೇಕು, ಪುಟ್ಟ ತಮ್ಮ ತಂಗಿಯರಿಗೂ ಸಿಗಬೇಕು. ನಡಾವಳಿಯಲ್ಲಿ ಬರೆಸಿದ್ದೇವೆ. ಅದರ ಪ್ರತಿ ಗ್ರಂಥಾಲಯದ ಗೋಡೆಯ ಮೇಲೆ, ಮಕ್ಕಳ ಬಾವಿಗಳ ನಕ್ಷೆಯ ಪಕ್ಕದಲ್ಲಿದೆ.